ಅಡಿಗೆ ಅಜ್ಜನ ಮಗಳು ಟೀಚರಮ್ಮ ಆದದ್ದು

ಮೊನ್ನೆ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಹಳೆಯ ಬತ್ತಿ ಸ್ಟೌ ಒಂದು ಕೈಗೆ ಬಂತು. ಹಸಿರು ಬಣ್ಣವೆಲ್ಲ ಹೋಗಿ ತುಕ್ಕು ಹಿಡಿದಿದೆ, ಬತ್ತಿಗಳು ಒಣಗಿ ಕಡ್ಡಿಯಾಗಿವೆ. ಆದರೂ ಎಣ್ಣೆ ಹಾಕುವ ಮುಚ್ಚಳ ತಿರುಗಿಸಿದ ಕೂಡಲೇ ಸೀಮೆಎಣ್ಣೆಯ ವಾಸನೆ ಮೂಗಿಗೆ ಬಂತು. ಖಾಲಿ ಸ್ಟೌವಿನೊಳಗೆ ಅದು ಇಷ್ಟು ವರ್ಷ ಹೇಗೆ ಕೂತಿತ್ತೋ ಕಾಣೆ. ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದವಳು ಚೈತ್ರ, ನನ್ನ ಅಣ್ಣನ ಮೊಮ್ಮಗಳು. ಪಿಯುಸಿ ಮುಗಿಸಿ ಚನ್ನಗಿರಿಯ ನಮ್ಮ ಮನೆಗೆ ರಜೆಗೆಂದು ಬಂದಿದ್ದಳು.

"ಯಾರದಜ್ಜಿ ಇದು?"

"ನಿಮ್ಮ ತಾತನ ಅಪ್ಪಂದು."

"ಮುತ್ತಜ್ಜ ಅಡಿಗೆ ಮಾಡ್ತಿದ್ರಾ?"

"ಮಾಡ್ತಿದ್ದ. ನನಗೋಸ್ಕರ ಜಗಳೂರು ಸೀಮೆಗೆ ಬಂದು ಮಾಡ್ದ."

ರಜೆ ಎಂದೆನಲ್ಲ, ಅದು ನೆಪ. ಅವಳನ್ನು ಕಳಿಸುವ ಮೊದಲು ಅವಳ ಅಪ್ಪ ಮಂಜು ನನಗೆ ಫೋನ್ ಮಾಡಿದ್ದ. "ಅತ್ತೆ, ಇವಳು ಪ್ರೈಮರಿ ಟೀಚರ್ ಆಗ್ತೀನಿ ಅಂತ ಹಟ ಹಿಡಿದಾಳೆ. ಡಿ.ಎಡ್. ಮಾಡ್ತಾಳಂತೆ. ಆಮೇಲೆ ಆ ಪರೀಕ್ಷೆ ಈ ಪರೀಕ್ಷೆ, ಸರ್ಕಾರ ಕರೆಯೋದು ಯಾವಾಗಲೋ. ಎಷ್ಟು ವರ್ಷ ಆಗ್ತದೆ ಅಂತ ನೀವೇ ಕೂರಿಸ್ಕೊಂಡು ಹೇಳ್ರಿ. ಹೆದರಿಸಿದ್ರೂ ಚಿಂತಿಲ್ಲ. ನಿಮ್ಮ ಮಾತು ಕೇಳ್ತಾಳೆ." ನಾನೂ ಆಗಲಿ ಎಂದಿದ್ದೆ. ಮೂವತ್ತೈದು ವರ್ಷ ಹೆದರಿಸಿಯೇ ಸಂಬಳ ತೆಗೆದುಕೊಂಡವಳಿಗೆ ಒಂದು ಹುಡುಗಿಯನ್ನು ಹೆದರಿಸುವುದು ಯಾವ ದೊಡ್ಡ ಕೆಲಸ ಎಂದುಕೊಂಡಿದ್ದೆ. ಸ್ಟೌ ಒರೆಸುತ್ತಾ ಅವಳೇ ಕೇಳಿದಳು: "ಅಜ್ಜಿ, ನಿಮಗೆ ಟೀಚರ್ ಆಗಾಕೆ ಎಷ್ಟು ವರ್ಷ ಆಯ್ತು?" ತಾನಾಗಿಯೇ ಸಿಕ್ಕಿದ ಅವಕಾಶ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಬಿಡುವಿದ್ದರೆ ಕೂತು ಕೇಳಿ.

ಎರಡು ವರ್ಷ ಎಂದು ಹೇಳಿ ಮುಗಿಸಬಹುದಿತ್ತು. ಎಸ್ಸೆಸ್ಸೆಲ್ಸಿ ಆದ ಮೇಲೆ ಶಿವಮೊಗ್ಗದಲ್ಲಿ ಟೀಚರ್ ಟ್ರೈನಿಂಗು ಎರಡು ವರ್ಷ. ನಮ್ಮೂರು ಗೋವಿನಕೋವಿ. ಹೈಸ್ಕೂಲಿಗೆ ಹೊನ್ನಾಳಿಯ ಸೋದರತ್ತೆ ಮನೆಯಲ್ಲಿದ್ದು ಓದಿದೆ. ಅಲ್ಲಿಂದ ಶಿವಮೊಗ್ಗಕ್ಕೆ ಹೋದಾಗ ನನಗೆ ಗೊತ್ತಿದ್ದ ಶಿಕ್ಷಕಿ ಎಂದರೆ ಛತ್ರಿ, ಕೈಗಡಿಯಾರ ಮತ್ತು ಇಸ್ತ್ರಿ ಮಾಡಿದ ಸೀರೆ. ಟ್ರೈನಿಂಗಿನಲ್ಲಿ ಪಾಠಟಿಪ್ಪಣಿ ಬರೆಯುವುದು ಕಲಿಸಿದರು, ರಟ್ಟಿನ ಮೇಲೆ ಹಸು ಬರೆದು ಬಣ್ಣ ಹಚ್ಚುವುದು ಕಲಿಸಿದರು, ಮಕ್ಕಳ ಮನಸ್ಸು ಎಂಬ ವಿಷಯದ ಮೇಲೆ ನೂರು ಅಂಕದ ಪತ್ರಿಕೆ ಬರೆಸಿದರು. ಕಡೆಯ ಬೋಧನಾಭ್ಯಾಸದ ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಮೇಡಂ ನನ್ನ ಪಾಠ ಮುಗಿದ ಮೇಲೆ ಒಂದೇ ಮಾತು ಹೇಳಿದರು: "ಕಂಠ ಚೆನ್ನಾಗಿದೆ." ಹಸುವಿನ ಬಗ್ಗೆ ಏನೂ ಹೇಳಲಿಲ್ಲ, ಮಕ್ಕಳ ಬಗ್ಗೆಯೂ ಹೇಳಲಿಲ್ಲ. ನಾನು ಆ ಒಂದು ಮಾತನ್ನು ಕಟ್ಟಿಕೊಂಡು ಊರಿಗೆ ಬಂದೆ. ನನ್ನ ಗಂಟಲಿನ ಮೇಲೆ ನನಗೆ ಅಂದಿನಿಂದ ಬಹಳ ಗೌರವ.

ಆಮೇಲೆ ಕಾಯುವ ಕಾಲ. ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿ, ಕಾರ್ಡು ನವೀಕರಿಸಿಕೊಂಡು, ಟಪಾಲಿನವನ ಮುಖ ನೋಡಿಕೊಂಡು ವರ್ಷಗಳು ಹೋದವು. ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಸುಮ್ಮನೆ ಕೂರಬಾರದೆಂದು ನ್ಯಾಮತಿಯ ಒಂದು ಶಿಶುವಿಹಾರಕ್ಕೆ ಹೋಗುತ್ತಿದ್ದೆ. ಅಲ್ಲಿ ಕೊಡುತ್ತಿದ್ದದ್ದು ಬಸ್ ಚಾರ್ಜಿಗೆ ಸರಿಹೋಗುತ್ತಿತ್ತು. ಮಕ್ಕಳ ಮೂಗು ಒರೆಸುವುದು, ಅತ್ತರೆ ಎತ್ತಿಕೊಳ್ಳುವುದು, ಇಷ್ಟೇ ಕೆಲಸ. ಇದು ಶಿಕ್ಷಕಿಯ ಕೆಲಸವಲ್ಲ, ಆಯಾಳ ಕೆಲಸ ಎಂದು ಮನಸ್ಸಿನಲ್ಲೇ ಮುಖ ಸಿಂಡರಿಸುತ್ತಿದ್ದೆ. ಈ ನಡುವೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯ ಹಿರಿಯರೊಬ್ಬರು ಉಪ್ಪಿಟ್ಟು ತಿನ್ನುತ್ತಾ ಅಣ್ಣನನ್ನು ಕೇಳಿದರು: "ಟ್ರೈನಿಂಗ್ ಆಗೈತೆ ಅಂತೀರಿ, ಕೆಲಸ ಆಗಿಲ್ಲ ಅಂತೀರಿ. ಹಂಗಾದ್ರೆ ಹುಡುಗಿ ಟೀಚರ್ ಹೌದೋ ಅಲ್ಲವೋ?" ಅಣ್ಣ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಆ ಸಂಬಂಧ ಮುಂದುವರಿಯಲಿಲ್ಲ.

ಕಡೆಗೆ ಆರ್ಡರು ಬಂದದ್ದು ನಮ್ಮ ಜಿಲ್ಲೆಯಿಂದಲ್ಲ. ಆಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಗೆ. ನಾನು ಎರಡೂ ಕಡೆ ಅರ್ಜಿ ಹಾಕಿದ್ದೆ. ಚಿತ್ರದುರ್ಗದಲ್ಲಿ ಸಂದರ್ಶನವಾಗಿ ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ಹಾಕಿದರು. ಊರಿನ ಹೆಸರು ಬೇಡ, ಅಲ್ಲಿಯವರು ಈಗಲೂ ಇದ್ದಾರೆ. ಜಗಳೂರು ಎಂದು ಕೇಳಿದ ಕೂಡಲೇ ಅತ್ತಿಗೆ, "ಹೆಸರಲ್ಲೇ ಜಗಳ ಐತಲ್ಲೇ" ಎಂದಳು. ಜಗಳ ಶುರುವಾದದ್ದು ನಮ್ಮ ಮನೆಯಲ್ಲಿಯೇ. ಮದುವೆಯಾಗದ ಹುಡುಗಿ ಕಾಣದ ಊರಿನಲ್ಲಿ ಒಬ್ಬಳೇ ಇರುವುದು ಹೇಗೆ? ಜೊತೆಗೆ ಯಾರು ಹೋಗಬೇಕು? ಅತ್ತಿಗೆಗೆ ಮನೆ, ದನ, ಕೈಗೂಸು ಮಂಜು. ಹೊನ್ನಾಳಿಯ ಸೋದರತ್ತೆ, "ಅಲ್ಲಿ ನೀರಿಲ್ಲವಂತೆ, ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದೋಳು ನಾನು, ಒಲ್ಲೆ" ಎಂದಳು. ಅವ್ವ ಇರಲಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಎರಡು ವರ್ಷ ಹಾಸಿಗೆ ಹಿಡಿದು ತೀರಿಕೊಂಡಿದ್ದಳು.

"ನಾನು ಹೋಗ್ತೀನಿ" ಎಂದ ಅಪ್ಪ.

ಅಣ್ಣನಿಗೆ ನಾಚಿಕೆಯಾಯಿತು. "ಜನ ಏನಂತಾರೆ? ಮಗಳಿಗೆ ಅಡಿಗೆ ಮಾಡಿ ಹಾಕಾಕೆ ಹೋದ ಅಂತಾರೆ."

"ಉಣ್ಣಾಕೆ ಹೋಗ್ಯಾನೆ ಅನ್ನು. ಮಾಡ್ಕೊಳ್ದೆ ಉಣ್ಣಾಕೆ ಆಗಲ್ಲಲ್ಲ."

ಅಪ್ಪನಿಗೆ ಅಡಿಗೆ ಹೊಸದಲ್ಲ. ಅವ್ವ ಮಲಗಿದ್ದ ಎರಡು ವರ್ಷ ಮನೆಯ ಒಲೆ ಅಪ್ಪನದೇ. ಅವಳು ಹಾಸಿಗೆಯಿಂದಲೇ ಹೇಳುತ್ತಿದ್ದಳು, ಅಪ್ಪ ಮಾಡುತ್ತಿದ್ದ. ರೊಟ್ಟಿ ಬಡಿಯುವುದನ್ನು ಕಲಿತದ್ದೂ ಆಗಲೇ. ಅತ್ತಿಗೆ ಬಂದ ಮೇಲೆ ಸೌಟು ಕೈಬಿಟ್ಟುಹೋಗಿ ಪಡಸಾಲೆಯಲ್ಲಿ ಕೂತಿದ್ದ. ಜಗಳೂರಿಗೆ ಹೊರಟಾಗ ದಾವಣಗೆರೆಯಲ್ಲಿ ಬಸ್ಸಿಳಿದು ಈ ಬತ್ತಿ ಸ್ಟೌ ಕೊಂಡ. ಅಂಗಡಿಯವನ ಮುಂದೆ ಅದರ ಬತ್ತಿ ಏರಿಸಿ ಇಳಿಸಿ ನೋಡಿದ ಸಂಭ್ರಮ ಕಂಡರೆ ಆರ್ಡರು ಬಂದದ್ದು ಅವನಿಗೇ ಎನ್ನಬೇಕು.

ಊರು ಎಂದರೆ ಕೆಂಪು ನೆಲ, ಶೇಂಗಾ ಹೊಲ, ಊರ ಮುಂದೆ ಒಂದು ಸೇದುವ ಬಾವಿ, ದಿನಕ್ಕೆ ಎರಡು ಸಲ ಬರುವ ಬಸ್ಸು. ಎರಡು ಕೋಣೆಯ ಶಾಲೆ. ಹೆಡ್‌ಮೇಷ್ಟ್ರು ಜಗಳೂರಿನಿಂದ ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಶಾಂತ ಮನುಷ್ಯ. ಮೂರು, ನಾಲ್ಕನೇ ಕ್ಲಾಸು ತಾವು ಇಟ್ಟುಕೊಂಡು ಒಂದು, ಎರಡನ್ನು ನನಗೆ ಕೊಟ್ಟರು. ಶಾಲೆಯ ಎದುರಿಗೇ ನಮಗೆ ಬಾಡಿಗೆ ಮನೆ. ಮಧ್ಯೆ ಒಂದು ಗಾಡಿ ಹೋಗುವಷ್ಟು ದಾರಿ.

ಮೊದಲ ವಾರದಲ್ಲಿಯೇ ಅಪ್ಪ ಊರಿಗೆಲ್ಲ ಗೊತ್ತಾದ. ಸಾಯಂಕಾಲ ನಮ್ಮ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿ, ಟೀಚರಮ್ಮ ಬಡಿಯುತ್ತಿದ್ದಾಳೆ ಎಂದು ಮಾತಾಡಿಸಲು ಬಂದ ಹೆಂಗಸರು ಬಾಗಿಲಲ್ಲೇ ನಿಂತುಬಿಟ್ಟರು. ಟೀಚರಮ್ಮ ಮೂಲೆಯಲ್ಲಿ ರಟ್ಟಿನ ಮೇಲೆ ಹಸು ಬರೆಯುತ್ತಿದ್ದಾಳೆ, ಬಿಳಿ ಮೀಸೆಯ ಗಂಡಸು ಒಲೆ ಮುಂದೆ ಕೂತು ಹಿಟ್ಟು ತಟ್ಟುತ್ತಿದ್ದಾನೆ. ಸ್ಟೌವಿನ ಮೇಲೆ ರೊಟ್ಟಿ ಆಗುವುದಿಲ್ಲವೆಂದು ಅಪ್ಪ ಆಗಲೇ ಮೂರು ಕಲ್ಲಿನ ಒಲೆಯನ್ನೂ ಹೂಡಿದ್ದ. ಅವರಲ್ಲಿ ಮುಂದೆ ನಿಂತಿದ್ದವಳು ತಿಪ್ಪಮ್ಮ, ನಮ್ಮ ಪಕ್ಕದ ಮನೆಯವಳು. ಗಂಡ ಲಾರಿಯ ಮೇಲೆ ಕೆಲಸಕ್ಕೆ ಹೋಗಿ ತಿಂಗಳಿಗೊಮ್ಮೆ ಬರುತ್ತಿದ್ದ. ಅವಳು ಸೆರಗು ಬಾಯಿಗಿಟ್ಟುಕೊಂಡು, "ಯಜ್ಜಾ, ಹಿಟ್ಟು ಬಿಸಿನೀರಾಗೆ ಕಲಸಿದ್ಯೋ ತಣ್ಣೀರಾಗೋ?" ಎಂದಳು.

"ಬಿಸಿನೀರಾಗೆ ಕಣವ್ವ. ನೀವು ಹೆಂಗೆ ಮಾಡ್ತೀರಿ?"

ಅಲ್ಲಿಂದ ಶುರುವಾಯಿತು. ಅಪ್ಪ ಬಾವಿಗೆ ಹೋದರೆ ನೀರಿಗಿಂತ ಮಾತು ಹೆಚ್ಚು ಹೊತ್ತು ತರುತ್ತಿದ್ದ. ಯಾರ ಮನೆಯಲ್ಲಿ ಮುದ್ದೆ ಗಂಟಾಗುತ್ತದೆ, ಯಾರ ಸೊಸೆ ಹುರುಳಿಸಾರಿಗೆ ಬೆಲ್ಲ ಹಾಕುತ್ತಾಳೆ, ಎಲ್ಲ ಅಪ್ಪನಿಗೆ ಗೊತ್ತು. ನನಗೆ ಯಾರ ಹೆಸರೂ ಗೊತ್ತಿಲ್ಲ. ಊರಿನವರು ಅಪ್ಪನನ್ನು ಅಡಿಗೆ ಅಜ್ಜ ಎಂದರು, ನನ್ನನ್ನು ಅಡಿಗೆ ಅಜ್ಜನ ಮಗಳು ಎಂದರು. ಹಾಜರಾತಿ ಕಡಿಮೆಯಾಗಿ ಮನೆ ಮನೆಗೆ ಹೋದರೂ ಅಷ್ಟೇ, ನಾನು ಬಾಗಿಲಲ್ಲಿ ನಿಂತು ಶಿಕ್ಷಣದ ಮಹತ್ವ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಅಪ್ಪ ಒಳಗೆ ಕೂತು ಮಜ್ಜಿಗೆ ಕುಡಿಯುತ್ತಿರುತ್ತಿದ್ದ. ಮಾರನೆಯ ದಿನ ಮಕ್ಕಳು ಬರುತ್ತಿದ್ದವು, ಯಾರ ಮಾತಿಗೆ ಎಂದು ನನಗೆ ಗೊತ್ತಿತ್ತು. ಎರಡು ವರ್ಷ ಟ್ರೈನಿಂಗು ಮಾಡಿದವಳಿಗೆ ಸ್ವಂತ ಅಪ್ಪನ ಮೇಲೆ ಹೊಟ್ಟೆಕಿಚ್ಚಾಗಬಾರದಿತ್ತು, ಆಯಿತು.

ನನಗೂ ಒಂದು ಆಸ್ತಿ ಇತ್ತಲ್ಲ, ಕಂಠ. ನಾನು ಒಂದು ಸಾಲು ಹೇಳಿದರೆ ಅರವತ್ತು ಮಕ್ಕಳು ಒಂದೇ ದನಿಯಲ್ಲಿ ಹೇಳುತ್ತಿದ್ದರು. ಊರಾಚೆ ಹೊಲದಲ್ಲಿ ಕೆಲಸ ಮಾಡುವವರಿಗೂ ಕೇಳಿಸುತ್ತಿತ್ತಂತೆ. ಶಾಲೆ ಚೆನ್ನಾಗಿ ನಡೆಯುತ್ತಿದೆ ಎಂದು ಊರಿನವರು, ಹೆಡ್‌ಮೇಷ್ಟ್ರು, ನಾನು, ಎಲ್ಲರೂ ನಂಬಿದ್ದೆವು. ವರ್ಷದ ಕೊನೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನೆಲ್ಲ ಪಾಸು ಮಾಡಿ ಎರಡಕ್ಕೆ ಕಳಿಸಿದೆ. ಅವರ ಜೊತೆ ನಾನೂ ಎರಡನೇ ವರ್ಷಕ್ಕೆ ಬಂದೆ.

ಜೂನ್ ತಿಂಗಳಲ್ಲಿ ಗೋವಿನಕೋವಿಯಿಂದ ಒಬ್ಬ ಬಂದು ಸುದ್ದಿ ಹೇಳಿದ. ಅಣ್ಣ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ಬಿತ್ತನೆಗೆ ಆಳಿಲ್ಲ, ಅಪ್ಪ ಬರಬೇಕು, ತಂಗಿಯನ್ನೂ ಕರೆದುಕೊಂಡೇ ಬರಬೇಕು ಎಂದು ಹೇಳಿಕಳಿಸಿದ್ದ. ಕೆಲಸ ಬಿಡಿಸಿ ಮದುವೆ ಮಾಡುವ ಮನಸ್ಸು ಅವನಿಗೆ. ಅಪ್ಪ ಆ ದಿನ ಅಡಿಗೆಗೆ ಉಪ್ಪು ಹಾಕುವುದನ್ನು ಮರೆತ.

"ನಾನಂತೂ ಹೋಗ್ಲೇಬೇಕು. ನೀನು?" ಎಂದ.

"ಒಬ್ಬಳೇ ಹೆಂಗಿರಲಿ?"

"ಅದು ನನಗೂ ಗೊತ್ತಿಲ್ಲ. ಬರಾಂಗಿದ್ರೆ ಟ್ರಂಕು ತುಂಬ್ಕೊ."

ತುಂಬಿಕೊಂಡೆ. ನಿಜ ಹೇಳಬೇಕೆಂದರೆ ಮನಸ್ಸಿಗೆ ಹಗುರವೇ ಆಗಿತ್ತು. ಬೆಳಗ್ಗೆ ಅಪ್ಪ ಮುಂದೆ, ಟ್ರಂಕು ಹಿಡಿದು ನಾನು ಹಿಂದೆ, ಬಸ್ಸು ನಿಲ್ಲುವ ಕಡೆಗೆ ಹೊರಟೆವು. ಬಾವಿಯ ಹತ್ತಿರ ತಿಪ್ಪಮ್ಮ ಕೊಡ ತುಂಬುತ್ತಿದ್ದಳು. ಅಪ್ಪನನ್ನು ಕೇಳಿದಳು:

"ಯಜ್ಜಾ, ಮಗಳನ್ನೂ ಕರ್ಕೊಂಡು ಹೊಂಟ್ಯಾ?"

"ಹೂಂ ಕಣವ್ವ."

"ಹಿಂದಿನ ಟೀಚರಮ್ಮನೂ ಹಿಂಗೇ ಟ್ರಂಕು ಹಿಡ್ಕೊಂಡೇ ಹೋದ್ಲು. ಎಂಟು ದಿನ ರಜ ಅಂದಿದ್ಲು" ಎಂದು ಹಗ್ಗ ಸುತ್ತತೊಡಗಿದಳು. ಚುಚ್ಚುವ ದನಿಯಲ್ಲ. ಮಳೆ ಬರುವುದಿಲ್ಲ ಎಂದು ಹೇಳುವ ಹಾಗೆ ಹೇಳಿದಳು. ಅವಳ ಮಗಳು ಹನುಮಕ್ಕ, ನನ್ನ ಎರಡನೇ ಕ್ಲಾಸಿನ ಹುಡುಗಿ, ತಾಯಿಯ ಸೀರೆ ಹಿಡಿದುಕೊಂಡು ನನ್ನ ಟ್ರಂಕನ್ನೇ ನೋಡುತ್ತಿದ್ದಳು.

ಬಸ್ಸು ಬಂತು. ಅಪ್ಪ ಹತ್ತಿದ. ಕಂಡಕ್ಟರು ಟ್ರಂಕಿಗೆ ಕೈ ಚಾಚಿದ. ನಾನು ಕೊಡಲಿಲ್ಲ. ಯಾಕೆ ಎಂದು ಚೈತ್ರ ಕೇಳಿದಳು. ಆದರ್ಶ ಗೀದರ್ಶ ಏನೂ ಅಲ್ಲ. ಆ ಹಿಂದಿನ ಟೀಚರಮ್ಮನ ಜೊತೆ ನನ್ನನ್ನು ಸೇರಿಸಿ ಮಾತಾಡಿದ್ದು ನನಗೆ ಆಗಲಿಲ್ಲ. "ಅಪ್ಪ, ನೀನು ಹೋಗು" ಎಂದೆ. ಅಪ್ಪ ಕಿಟಕಿಯಿಂದ, "ಹಿಟ್ಟು ಡಬ್ಬಿಯಾಗೈತೆ, ಹುಳ ಬೀಳೋಕೆ ಮುಂಚೆ ಮುಗಿಸು" ಎಂದ. ಬಸ್ಸು ಹೋಯಿತು. ತಿಪ್ಪಮ್ಮ ಕೊಡವನ್ನು ಅಲ್ಲೇ ಇಟ್ಟು ಬಂದು ಟ್ರಂಕನ್ನು ತಲೆಯ ಮೇಲೆ ಹೊತ್ತಳು. "ನಾನೂ ಇವಳೂ ನಿಮ್ಮನೇಲೇ ಬಂದು ಮಲಗ್ತೀವಿ ಬಿಡ್ರಿ. ನನ್ನ ಮನೇಲಾದ್ರೂ ಯಾರಿದಾರೆ?" ಎಂದಳು. ಮೊದಲ ಸಲ ಅವಳು ನನಗೆ ರೀ ಹಚ್ಚಿ ಮಾತಾಡಿದ್ದು.

ಹನುಮಕ್ಕ ಶಾಲೆಯಲ್ಲಿ ಮಾತೇ ಆಡದ ಹುಡುಗಿ. ಮನೆಯಲ್ಲಿ ನೋಡಿದರೆ ಬಾಯಿ ಮುಚ್ಚುವವಳಲ್ಲ. ಮೇಕೆಗಳ ಜಾತಕ, ಅಪ್ಪನ ಲಾರಿಯ ಬಣ್ಣ, ಯಾರ ನಾಯಿ ಯಾರನ್ನು ಕಚ್ಚಿತು, ಎಲ್ಲ ವರದಿ ಒಪ್ಪಿಸುತ್ತಿದ್ದಳು. ಒಂದು ಬೆಳಗ್ಗೆ ತಿಪ್ಪಮ್ಮ ನೀರಿಗೆ ಹೋಗಿದ್ದಳು. ನಾನು ಒಲೆಯ ಮುಂದೆ ಅಪ್ಪ ಬಿಟ್ಟುಹೋದ ಹಿಟ್ಟಿನ ಜೊತೆ ಗುದ್ದಾಡುತ್ತಿದ್ದೆ. ನನ್ನ ರೊಟ್ಟಿ ಒಂದು ದಿನ ಆಂಧ್ರದ ನಕಾಶೆಯಾದರೆ ಒಂದು ದಿನ ಗುಜರಾತಿನದು. ಹನುಮಕ್ಕ ಗೋಡೆಗೆ ಒರಗಿ ಕೂತು ಪುಸ್ತಕ ತೆಗೆದು ಜೋರಾಗಿ ಓದತೊಡಗಿದಳು. ಹಸುವಿನ ಪಾಠ. ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಎಳೆದು ಹೇಳುವ ನನ್ನ ರಾಗವೇ. ನನಗೆ ಹಿಗ್ಗಾಯಿತು. ಕೈ ಒರೆಸಿಕೊಂಡು ಪಕ್ಕದಲ್ಲಿ ಹೋಗಿ ಕೂತೆ. ಪುಸ್ತಕದಲ್ಲಿ ತೆರೆದಿದ್ದದ್ದು ಹಸುವಿನ ಪುಟವಲ್ಲ. ಅಲ್ಲಿ ಕುಂಬಾರನ ಚಿತ್ರವಿತ್ತು.

"ಇದನ್ನ ಓದು ಪುಟ್ಟಿ" ಎಂದೆ.

ಅವಳು ಹಸುವಿನ ಪಾಠದ ಮುಂದಿನ ಪಾಠ ಹೇಳಿದಳು. ಅದೂ ಕುಂಬಾರನದಲ್ಲ. ನಾನು ಒಂದು ಅಕ್ಷರದ ಮೇಲೆ ಬೆರಳಿಟ್ಟು, "ಇದು ಯಾವುದು?" ಎಂದೆ. ಅವಳು ಅಕ್ಷರ ನೋಡಲಿಲ್ಲ, ನನ್ನ ಮುಖ ನೋಡಿದಳು. ಬೇರೆ ಅಕ್ಷರ ತೋರಿಸಿದೆ. ಆಗಲೂ ನನ್ನ ಮುಖವನ್ನೇ ನೋಡಿದಳು. ನನ್ನ ತುಟಿ ಯಾವ ಆಕಾರಕ್ಕೆ ತಿರುಗುತ್ತದೆ ಎಂದು ಕಾಯುತ್ತಿದ್ದಳು. ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂದ ಮೇಲೆ ಎದ್ದೆ.

ಅಂದು ಶಾಲೆಗೆ ಹೋಗಿ ಎರಡನೇ ಕ್ಲಾಸಿನ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದೆ. ಪುಸ್ತಕವನ್ನು ನಡುವೆ ಎಲ್ಲೆಲ್ಲೋ ತೆರೆದು ಓದಿಸಿದೆ. ನಾಲ್ಕು ಮಕ್ಕಳು ಓದಿದವು. ಅದರಲ್ಲಿ ಇಬ್ಬರಿಗೆ ಮನೆಯಲ್ಲಿ ಅಣ್ಣಂದಿರು ಹೇಳಿಕೊಟ್ಟಿದ್ದರು. ಉಳಿದ ಮಕ್ಕಳೆಲ್ಲ ನನ್ನ ಮುಖ ನೋಡಿದವು. ಸಾಯಂಕಾಲ ಹೆಡ್‌ಮೇಷ್ಟ್ರ ಮುಂದೆ ನಿಂತೆ. ಇವರನ್ನು ಮತ್ತೆ ಒಂದನೇ ಪುಸ್ತಕದಿಂದ ಶುರು ಮಾಡಬೇಕು ಎಂದೆ. ಅವರು ಚೀಲಕ್ಕೆ ಊಟದ ಡಬ್ಬಿ ಹಾಕಿಕೊಳ್ಳುತ್ತಿದ್ದರು.

"ನೋಡಮ್ಮ, ಪಾಸು ಮಾಡಿದ್ದು ನೀನು, ರುಜು ಹಾಕಿದ್ದು ನಾನು. ಇಬ್ಬರೂ ಸುಮ್ಮನಿದ್ರೆ ಯಾರಿಗೂ ತೊಂದರೆ ಇಲ್ಲ. ಮುಂದೆ ಬರ್ತದೆ ಬಿಡು ಮಕ್ಕಳಿಗೆ."

"ಬರಲ್ಲ ಸಾರ್."

"ನಿನ್ನದು ಇನ್ನೂ ಪ್ರೊಬೇಷನ್ನು. ಇನ್‌ಸ್ಪೆಕ್ಟರು ಬಂದು ಎರಡನೇ ಕ್ಲಾಸಿನ ಪುಸ್ತಕ ಎಲ್ಲಿ ಅಂದ್ರೆ?"

ಅವರಿಗೆ ಬಸ್ಸಿನ ಹೊತ್ತಾಗಿತ್ತು. ಹೊಸ್ತಿಲು ದಾಟುವಾಗ, "ನಾನೇನೂ ಕೇಳಿಲ್ಲ, ನೀನೇನೂ ಹೇಳಿಲ್ಲ" ಎಂದು ಹೋದರು. ಅದು ಬೇಡ ಎನ್ನುವುದೋ ಆಗಲಿ ಎನ್ನುವುದೋ ತಿಳಿಯಲಿಲ್ಲ. ಆಗಲಿ ಎಂದುಕೊಂಡೆ.

ಹೊಸದಾಗಿ ಏನು ಮಾಡಿದೆ ಎಂದು ಕೇಳಿದರೆ ಹೇಳಿಕೊಳ್ಳುವಂಥದ್ದೇನಿಲ್ಲ. ಮೊದಲು ನನ್ನ ಗಂಟಲನ್ನು ಮುಚ್ಚಿದೆ. ಒಬ್ಬರು ಓದುವಾಗ ಉಳಿದವರಿಗೆ ನೆಲದ ಮೇಲೆ ಮರಳು ಹರವಿ ಬರೆಯಲು ಹೇಳುತ್ತಿದ್ದೆ. ಅವರು ಮರಳು ಎರಚಾಡುತ್ತಿದ್ದರು. ಅವರವರ ಹೆಸರಿನಿಂದ ಶುರು ಮಾಡಿದೆ, ಆಮೇಲೆ ಅವರ ಮೇಕೆಗಳ ಹೆಸರು, ಅಣ್ಣ ತಮ್ಮಂದಿರ ಹೆಸರು. ಕೆಲವು ವಾರ ಏನೂ ಆಗಲಿಲ್ಲ. ಗದ್ದಲದ ನಡುವೆ ಒಂದು ಮಗುವಿನ ತೊದಲು ಕೇಳಿಸಿಕೊಳ್ಳಬೇಕು, ಅದು ತಪ್ಪು ಹೇಳಿದರೆ ಬಾಯಿ ಹಾಕದೆ ಕಾಯಬೇಕು. ಜೋರಾಗಿ ಹೇಳಿಕೊಟ್ಟು ಮುಗಿಸಿಬಿಡೋಣ ಎಂದು ದಿನಕ್ಕೆ ಹತ್ತು ಸಲ ಅನಿಸುತ್ತಿತ್ತು. ನ್ಯಾಮತಿಯ ಶಿಶುವಿಹಾರದಲ್ಲಿ ಅಳುವ ಮಗುವನ್ನು ಎತ್ತಿಕೊಂಡು, ಅದು ತಾನಾಗಿ ಸುಮ್ಮನಾಗುವ ತನಕ ಓಡಾಡುತ್ತಿದ್ದೆನಲ್ಲ, ಆ ತಾಳ್ಮೆ ಇಲ್ಲಿ ಕೆಲಸಕ್ಕೆ ಬಂತು. ಟ್ರೈನಿಂಗಿನಲ್ಲಿ ಅದಕ್ಕೆ ಅಂಕ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ತಿಪ್ಪಮ್ಮ ದೂರು ತಂದಳು.

"ಟೀಚರಮ್ಮಾರೆ, ಇವಳಿಗೆ ಏನು ಮಾಡಿದ್ರಿ? ನೀರಿಗೆ ಕಳಿಸಿದ್ರೆ ಬರಾದೇ ಇಲ್ಲ. ಪಂಚಾಯ್ತಿ ಗೋಡೆ ಮುಂದೆ ನಿಂತು ಓದ್ತಾಳೆ. 'ಮತ ನೀಡಿ' ಅಂತ ಬರೆದೈತಂತೆ. ಮತ ಅಂದ್ರೆ ಏನವ್ವ ಅಂತ ಕೇಳಿದ್ಲು. ಓಟು ಕಣೆ ಅಂದೆ. ಮತ್ತೆ ಓಟು ಅಂತ ಯಾಕೆ ಬರೆದಿಲ್ಲ ಅಂತಾಳೆ. ನಾನೇನು ಹೇಳ್ಲಿ?"

ಆ ಗೋಡೆಯ ಪಾಠವನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. "ಓಟು ಅಂತ ಬರೆದ್ರೂ ನಡೀತೈತೆ ಅಂತ ಹೇಳು" ಎಂದು ಒಳಗೆ ಹೋಗಿ ನೀರು ಕುಡಿದೆ. ಕಣ್ಣಿಗೆ ಹೊಗೆ ಹೋದರೂ ನೀರು ಬರುತ್ತದಲ್ಲ.

ಸುಗ್ಗಿ ಮುಗಿಸಿಕೊಂಡು ಅಪ್ಪ ಬಂದದ್ದು ಒಂದು ಮಧ್ಯಾಹ್ನ. ಅಣ್ಣ ಕೋಲು ಹಿಡಿದು ಓಡಾಡುವಂತಾಗಿದ್ದ. ಬಸ್ಸಿಳಿದವನು ನೇರ ಶಾಲೆಯ ಬಾಗಿಲಿಗೆ ಬಂದು, ತಲೆ ಒಳಗೆ ಹಾಕಿ, "ಇವತ್ತು ರಜ ಅಂದ್ಕಂಡೆ. ಸದ್ದೇ ಇಲ್ಲ" ಎಂದ. ಒಳಗೆ ಒಬ್ಬ ಹುಡುಗ ತನ್ನ ಪಾಡಿಗೆ ತಾನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ನಾನು ಕೈಸನ್ನೆ ಮಾಡಿ ಅಪ್ಪನನ್ನು ಮನೆಗೆ ಕಳಿಸಿದೆ. ಆ ಸಾಯಂಕಾಲ ಬಾವಿಗೆ ಹೋಗಿ ಬಂದವನ ಮುಖ ಸ್ವಲ್ಪ ಚಿಕ್ಕದಾಗಿತ್ತು. ಕೊಡ ಇಳಿಸಿ ಹೇಳಿದ: "ಯಾರೋ ಹೊಸ ಸೊಸೆಗೆ ನನ್ನ ಗುರ್ತು ಸಿಗಲಿಲ್ಲ. ಅವರತ್ತೆ ಏನಂದ್ಲು ಗೊತ್ತೇನು? ಇವ್ರು ಟೀಚರಮ್ಮನ ಅಪ್ಪ ಅಂದ್ಲು."

"ಅದಕ್ಕೇನಾತು?"

"ಏನಿಲ್ಲ. ಅಡಿಗೆ ಅಜ್ಜ ಅನ್ನಲಿಲ್ಲ" ಎಂದು ಹಿಟ್ಟಿನ ಡಬ್ಬಿ ತೆಗೆದು ನೋಡಿ, "ಹುಳ ಬಿದ್ದಿಲ್ಲ" ಎಂದ.

ಇಲ್ಲಿಗೆ ಮುಗಿಸಿದ್ದರೆ ಕತೆ ಚೆನ್ನಾಗಿರುತ್ತಿತ್ತು. ಆದರೆ ಇನ್‌ಸ್ಪೆಕ್ಟರು ಬಂದರು. ಎರಡನೇ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳ ಕೈಯಲ್ಲಿ ಒಂದನೇ ಪುಸ್ತಕ. ವರ್ಷ ಮುಗಿಯುತ್ತಾ ಬಂದಿದೆ, ಆಗಬೇಕಾದ ಪಾಠಗಳಲ್ಲಿ ಕಾಲು ಭಾಗವೂ ಆಗಿಲ್ಲ. ಅವರು ಕೆಟ್ಟವರೇನಲ್ಲ, ನಿಯಮ ನೋಡಿದರು. ಹೋದ ವರ್ಷ ಹೇಗೆ ಪಾಸಾದರು ಎಂದು ಕೇಳಿದರು. "ಓದಾಕೆ ಬರದೇನೇ ಪಾಸು ಮಾಡಿದ್ದೆ ಸಾರ್" ಎಂದೆ. ಅವರು ಹೆಡ್‌ಮೇಷ್ಟ್ರ ಕಡೆ ತಿರುಗಿದರು. ಆ ಶಾಂತ ಮನುಷ್ಯ ಕನ್ನಡಕ ತೆಗೆದು ಒರೆಸಿ, "ನನ್ನ ಒಪ್ಪಿಗೆ ತಗೊಂಡೇ ಮಾಡಿದಾರೆ ಸಾರ್, ಮೊದಲಿಂದ ಶುರು ಮಾಡಿ ಅಂತ ನಾನೇ ಹೇಳಿದ್ದೆ" ಎಂದರು. ಇನ್‌ಸ್ಪೆಕ್ಟರು ಹೋದ ಮೇಲೆ ಹೆಡ್‌ಮೇಷ್ಟ್ರಿಗೆ ಏನೋ ಹೇಳಬೇಕೆಂದು ಬಾಯಿ ತೆಗೆದೆ. "ನನಗೆ ಬಸ್ಸಿನ ಹೊತ್ತಾಯ್ತಮ್ಮ" ಎಂದು ಚೀಲ ತೆಗೆದುಕೊಂಡರು.

ನನ್ನ ಪ್ರೊಬೇಷನ್ನು ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ಜೊತೆಗೆ ಸೇರಿದವರೆಲ್ಲ ಖಾಯಂ ಆದರು, ನಾನು ಆಗಲಿಲ್ಲ. ಆ ಸುದ್ದಿ ಬಂದ ದಿನ ಊಟ ಬೇಡವೆಂದು ಮುಸುಕು ಹಾಕಿಕೊಂಡೆ. ಅಪ್ಪ ಎಬ್ಬಿಸಲಿಲ್ಲ. ಒಲೆ ಮುಂದೆ ಕೂತುಕೊಂಡೇ ಹೇಳಿದ:

"ಒಂದು ವರ್ಷ ತಾನೆ. ನಾನು ರೊಟ್ಟಿ ಬಡಿಯಾಕೆ ಕಲಿತು ಹತ್ತು ವರ್ಷದ ಮೇಲಾತು. ಇನ್ನೂ ನಿಮ್ಮವ್ವನ ಹಂಗೆ ಬರವಲ್ದು."

ಸ್ವಲ್ಪ ಹೊತ್ತಾದ ಮೇಲೆ, "ಎದ್ದು ಉಣ್ಣು. ಆರಿದ್ರೆ ತಿನ್ನಾಕಾಗಲ್ಲ" ಎಂದ. ಎದ್ದು ಉಂಡೆ.

ಇನ್ನೂ ಮೂರು ವರ್ಷ ಆ ಊರಲ್ಲಿದ್ದೆ. ಕಡೆಯ ಎರಡು ವರ್ಷ ಅಪ್ಪ ಇರಲಿಲ್ಲ. ಕಣ್ಣಿನ ಪೊರೆ ಬಂದು ಊರಲ್ಲೇ ಉಳಿದ. ನನ್ನ ಜೊತೆ ಯಾರಿದ್ದಾರೆ ಎಂದು ಆಗ ಯಾರೂ ಕೇಳಲಿಲ್ಲ, ನನಗೂ ಅದು ನೆನಪಾಗಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮದುವೆಯಾಯಿತು. ನಮ್ಮ ಮನೆಯವರು ಚನ್ನಗಿರಿಯವರು, ಅಡಿಕೆ ವ್ಯಾಪಾರ. ವರ್ಗ ಮಾಡಿಸಿಕೊಂಡು ಸೂಳೆಕೆರೆಯ ಕಡೆಯ ಒಂದು ಹಳ್ಳಿಗೆ ಬಂದೆ. ಜಿಲ್ಲೆ ದಾಟಿ ಬಂದವರಿಗೆ ಹಿಂದಿನ ಹಿರಿತನ ಲೆಕ್ಕಕ್ಕಿಲ್ಲ ಎಂಬುದು ಬಂದ ಮೇಲೆ ಗೊತ್ತಾಯಿತು. ನಿನ್ನೆ ಮೊನ್ನೆ ಟ್ರೈನಿಂಗು ಮುಗಿಸಿದ ಹುಡುಗಿಯರ ಕೆಳಗೆ ನನ್ನ ಹೆಸರು. ಅವರು ತಮಗೆ ಬೇಕಾದ ಕ್ಲಾಸು ಆರಿಸಿಕೊಂಡರು. ಯಾರಿಗೂ ಬೇಡವಾದ ಒಂದನೇ ಕ್ಲಾಸು ನನ್ನ ಪಾಲಿಗೆ ಬಂತು. ಕೊಡದಿದ್ದರೂ ನಾನು ಅದನ್ನೇ ಕೇಳುವವಳಿದ್ದೆ, ಆದರೆ ಆ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ. ಕಿರಿಯಳ ಮೇಲೆ ದಬ್ಬಾಳಿಕೆ ಮಾಡಿದ ಸುಖ ಅವರಿಗಿರಲಿ ಎಂದುಕೊಂಡೆ. ನಿವೃತ್ತಿಯವರೆಗೆ ಬಹುಪಾಲು ಒಂದು, ಎರಡನೇ ಕ್ಲಾಸಿನಲ್ಲೇ ಇದ್ದೆ.

ಇಷ್ಟು ಹೇಳುವಷ್ಟರಲ್ಲಿ ಚೈತ್ರ ಸ್ಟೌ ಒರೆಸುವುದನ್ನು ಯಾವಾಗಲೋ ನಿಲ್ಲಿಸಿದ್ದಳು. "ಆ ಹನುಮಕ್ಕ ಆಮೇಲೆ ಏನಾದ್ಲು ಅಜ್ಜಿ?" ಎಂದಳು.

"ಗೊತ್ತಿಲ್ಲ. ನಾನಿರೋವಾಗ ನಾಲ್ಕನೇ ಕ್ಲಾಸು ಮುಗಿಸಿದ್ಲು. ಆಮೇಲೆ ಅವರಪ್ಪ ಎಲ್ಲರನ್ನೂ ಕರ್ಕೊಂಡು ಹೊಸಪೇಟೆ ಕಡೆ ಹೋದ ಅಂತ ಕೇಳಿದೆ."

"ವಿಚಾರಿಸಲಿಲ್ವಾ?"

"ಆ ವರ್ಷ ಅರವತ್ತು ಮಕ್ಕಳು. ಆಮೇಲೆ ಪ್ರತಿ ವರ್ಷ ಅಷ್ಟಷ್ಟು. ಎಷ್ಟು ಜನರನ್ನ ವಿಚಾರಿಸ್ಲಿ? ಅವು ಬರ್ತಾವೆ, ಓದಾಕೆ ಕಲೀತಾವೆ, ಹೋಗ್ತಾವೆ. ಕಾಗದ ಬರೆಯೋವಷ್ಟು ಕಲಿಸಿದ್ರೂ ಯಾರೂ ಬರೆಯಲ್ಲ."

ಅವಳು ಬೇಸರ ಮಾಡಿಕೊಳ್ಳುತ್ತಾಳೆ ಎಂದುಕೊಂಡೆ. ನಕ್ಕಳು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಪಕ್ಕದ ಮನೆಯ ಮಗು ಬಾಗಿಲಲ್ಲಿ ನಿಂತಿದ್ದನ್ನು ಒಳಗೆ ಕರೆದು ಕೂರಿಸಿಕೊಂಡಳು. ಅದು ಏನೋ ತೊದಲುತ್ತಿತ್ತು. ಅವಳು ನಡುವೆ ಬಾಯಿ ಹಾಕದೆ, ಅದು ಮುಗಿಸುವ ತನಕ ಕೇಳಿಸಿಕೊಂಡಳು. ನಾನು ಕಾಫಿಗೆ ನೀರಿಡುವ ನೆಪದಲ್ಲಿ ಅಡಿಗೆಮನೆಗೆ ಹೋಗಿ ಅಲ್ಲಿಂದಲೇ ನೋಡುತ್ತಾ ನಿಂತೆ. ಆ ಮಗುವಿಗೆ ಹೇಳಲು ಬಹಳವಿತ್ತು.

ಸಂಜೆ ಮಂಜುವಿನ ಫೋನು.

"ಅತ್ತೆ, ಹೇಳಿದ್ರಾ ಅವಳಿಗೆ?"

"ಹೇಳ್ದೆ ಕಣಪ್ಪ."

"ಪೂರ್ತಿ ಹೇಳಿದ್ರಾ? ಕಾಯೋದು, ಅಲೆಯೋದು, ದೂರದ ಊರು?"

"ಎಲ್ಲಾ ಹೇಳ್ದೆ. ಪ್ರೊಬೇಷನ್ನು ಮುಂದಕ್ಕೆ ಹೋಗಿದ್ದೂ ಹೇಳ್ದೆ."

"ಏನಂದ್ಲು?"

"ಏನೂ ಅನ್ನಲಿಲ್ಲ. ಅರ್ಜಿ ಯಾವತ್ತಿನಿಂದ ಕೊಡ್ತಾರೆ ನೋಡು. ನಾನೇ ಜೊತೆಗೆ ಹೋಗಿ ಹಾಕಿಸ್ಕೊಂಡು ಬರ್ತೀನಿ."

ಅವನು ಕೇಳಿದ: "ಎಷ್ಟು ವರ್ಷ ಆಗ್ತದೆ ಅಂತಾದ್ರೂ ಹೇಳಿದ್ರೋ ಇಲ್ವೋ?"

ಹೇಳಿರಲಿಲ್ಲ. ಅಷ್ಟು ಹೊತ್ತು ಮಾತಾಡಿ ಅದೊಂದನ್ನೇ ಹೇಳುವುದು ಬಿಟ್ಟುಹೋಗಿತ್ತು. ಅವಳೂ ಮತ್ತೆ ಕೇಳಿರಲಿಲ್ಲ.